ಆಸಿಲೇಟರ್ ಕಟ್ಟುವ ಕ್ರಮ: 555ರಿಂದ ಕ್ವಾರ್ಟ್ಸ್ ಸ್ಫಟಿಕದವರೆಗೆ

ಎಲೆಕ್ಟ್ರಾನಿಕ್ಸ್ ಕಲಿಯಲು ತೊಡಗಿದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಚಿತ್ರದಲ್ಲಿರುವಂತೆಯೇ ಸರ್ಕಿಟ್ ಕಟ್ಟಿದರೂ ಆಸಿಲೇಟರ್ ಏಕೆ ಶುರುವಾಗುವುದಿಲ್ಲ? ಶುರುವಾದರೂ ಲೆಕ್ಕದಲ್ಲಿ ಬಂದ ಆವೃತ್ತಿ ಮೀಟರಿನಲ್ಲಿ ಏಕೆ ಕಾಣುವುದಿಲ್ಲ? ಇಷ್ಟೊಂದು ಬಗೆಗಳಿರುವಾಗ ನಮ್ಮ ಕೆಲಸಕ್ಕೆ ಯಾವುದನ್ನು ಆರಿಸಬೇಕು? ಈ ಮೂರಕ್ಕೂ ಒಂದೇ ಕಡೆ ಉತ್ತರ ಸಿಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದೆ. ಓಮನ ನಿಯಮ ಗೊತ್ತಿದ್ದು, ಬ್ರೆಡ್‌ಬೋರ್ಡ್ ಮೇಲೆ ಒಂದು ಎಲ್‌ಇಡಿ ಬೆಳಗಿಸಿದ ಅನುಭವವಿದ್ದರೆ ಇದನ್ನು ಅನುಸರಿಸಬಹುದು.

ಬ್ಯಾಟರಿಯಿಂದ ಬರುವ ನೇರ ವಿದ್ಯುತ್ತನ್ನು ತಾನೇ ತಾನಾಗಿ, ಹೊರಗಿನಿಂದ ಯಾವ ಸಂಕೇತವನ್ನೂ ಪಡೆಯದೆ, ಏರಿಳಿಯುವ ಅಲೆಯಾಗಿ ಬದಲಿಸುವ ಸರ್ಕಿಟ್ಟೇ ಆಸಿಲೇಟರ್. ಒಂದು ಸೆಕೆಂಡಿನಲ್ಲಿ ಈ ಏರಿಳಿತ ಎಷ್ಟು ಸಲ ಆಗುತ್ತದೆಯೋ ಅದು ಆವೃತ್ತಿ. ಅದರ ಮಾನ ಹರ್ಟ್ಸ್. ಕೈಗಡಿಯಾರ, ರೇಡಿಯೊ, ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆ, ಕಂಪ್ಯೂಟರ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಒಳಗೆ ಕನಿಷ್ಠ ಒಂದು ಆಸಿಲೇಟರ್ ಇರುತ್ತದೆ.

ಬೇಕಾಗುವ ಸಾಮಗ್ರಿ

ಒಂದು ಬ್ರೆಡ್‌ಬೋರ್ಡ್, 9 ವೋಲ್ಟಿನ ಎರಡು ಬ್ಯಾಟರಿ, 5 ವೋಲ್ಟಿನ ಒಂದು ಪೂರೈಕೆ, ಆವೃತ್ತಿ ಅಳೆಯಬಲ್ಲ ಮಲ್ಟಿಮೀಟರ್ ಇದ್ದರೆ ಆರಂಭಿಸಬಹುದು. ಬಿಡಿಭಾಗಗಳಲ್ಲಿ ಎನ್‌ಇ555 ಟೈಮರ್, ಟಿಎಲ್072 ಆಪ್-ಆಂಪ್ (ಸಂಕೇತವನ್ನು ಹಿಗ್ಗಿಸುವ ಐಸಿ), ಬಿಸಿ547 ಟ್ರಾನ್ಸಿಸ್ಟರ್, 74ಎಚ್‌ಸಿಯು04 ಇನ್‌ವರ್ಟರ್ ಐಸಿ (ಒಳಬಂದ ಸಂಕೇತವನ್ನು ತಿರುವುಮುರುವು ಮಾಡಿ ಕೊಡುವಂಥದು), 4 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್, 100 ಮೈಕ್ರೊಹೆನ್ರಿಯ ಒಂದು ಇಂಡಕ್ಟರ್ (ತಂತಿಯ ಸುರುಳಿ), ಎರಡು 1ಎನ್4148 ಡಯೋಡ್ ಮತ್ತು ಮುಂದೆ ಹೇಳುವ ಬೆಲೆಗಳ ರೆಸಿಸ್ಟರ್, ಕೆಪಾಸಿಟರ್‌ಗಳು ಬೇಕು. ಇಲ್ಲಿ ಬೆಲೆ ಎಂದರೆ ಹಣವಲ್ಲ, ಓಮ್ ಅಥವಾ ಫ್ಯಾರಡ್‌ನಲ್ಲಿ ಹೇಳುವ ಮೌಲ್ಯ. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಆಸಿಲೋಸ್ಕೋಪ್, ಅಂದರೆ ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಉಪಕರಣ, ಇದ್ದರೆ ಬಹಳ ಅನುಕೂಲ. ಆದರೆ ಮೊದಲ ಸರ್ಕಿಟ್ಟಿಗೆ ಅದು ಅನಿವಾರ್ಯವಲ್ಲ.

ಕೆಪಾಸಿಟರ್ ಕೊಳ್ಳುವಾಗ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯಲ್ಲಿ ಕೇವಲ ಬೆಲೆ ಹೇಳಿದರೆ ಸಾಮಾನ್ಯವಾಗಿ ಅಗ್ಗದ ಸೆರಾಮಿಕ್ ಬಗೆಯನ್ನು ಕೊಡುತ್ತಾರೆ. ಅವುಗಳಲ್ಲಿ ಹಲವು, ತಾಪಮಾನ ಬದಲಾದರೆ ಮತ್ತು ತಮ್ಮ ಮೇಲಿನ ವೋಲ್ಟೇಜ್ ಬದಲಾದರೆ ತಮ್ಮ ಧಾರಣೆಯನ್ನೇ, ಅಂದರೆ ಫ್ಯಾರಡ್ ಬೆಲೆಯನ್ನೇ, ಬದಲಿಸಿಕೊಳ್ಳುತ್ತವೆ. ಆವೃತ್ತಿಯನ್ನು ನಿರ್ಧರಿಸುವ ಜಾಗದಲ್ಲಿ ನ್ಯಾನೊಫ್ಯಾರಡ್ ಮಟ್ಟದ ಬೆಲೆಗೆ ಪಾಲಿಯೆಸ್ಟರ್ ಬಗೆಯನ್ನೂ, ಪೈಕೊಫ್ಯಾರಡ್ ಮಟ್ಟಕ್ಕೆ ಸಿ0ಜಿ ಅಥವಾ ಎನ್‌ಪಿ0 ಎಂಬ ಗುರುತಿನ ಸೆರಾಮಿಕ್ಕನ್ನೂ ಹೆಸರಿಟ್ಟು ಕೇಳಿ.

ಹಂತ 1: ಸರ್ಕಿಟ್ಟಿಗೆ ಮೂರು ಪ್ರಶ್ನೆ ಹಾಕಿ

ಸಭೆಯಲ್ಲಿ ಮೈಕ್ ಕಿರುಚುವುದನ್ನು ನೀವು ಕೇಳಿಯೇ ಇರುತ್ತೀರಿ. ಅದು ಯಾರಿಗೂ ಬೇಡವಾದ, ಆದರೆ ನಿಯಮಬದ್ಧವಾದ ಒಂದು ಆಸಿಲೇಟರ್. ಸ್ಪೀಕರಿನ ಸದ್ದು ಮೈಕಿಗೆ ಮರಳುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಅದು ಇನ್ನೊಮ್ಮೆ ಮೈಕಿಗೆ ಬರುತ್ತದೆ. ಹೊರಬಂದದ್ದರ ಒಂದು ಪಾಲು ಹೀಗೆ ಒಳಕ್ಕೆ ಮರಳುವುದನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ಮರಳಿ ಬಂದ ಅಲೆಯು ಮೂಲ ಅಲೆಯೊಂದಿಗೆ ಹೆಜ್ಜೆ ಕೂಡಿಸಿಕೊಂಡೇ ಬರಬೇಕು, ಅಂದರೆ ಎರಡರ ಏರು ಇಳಿತಗಳು ಒಂದೇ ಕ್ಷಣದಲ್ಲಿ ಆಗಬೇಕು. ಮತ್ತು ಒಂದು ಸುತ್ತು ಮುಗಿಸಿ ಬರುವಾಗ ಅದು ಕುಗ್ಗಿರಬಾರದು. ಈ ಎರಡು ನಿಬಂಧನೆಗಳನ್ನು ಸ್ಪಷ್ಟವಾಗಿ ಮಂಡಿಸಿದವರು ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಬಾರ್ಕ್‌ಹೌಸೆನ್. ಪಠ್ಯಗಳಲ್ಲಿ ಅವು ಅವರ ಹೆಸರಿನಲ್ಲೇ ಇವೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ, ಮತ್ತು ಕಲಿಯುವವರ ಗೊಂದಲ ಆರಂಭವಾಗುವುದೂ ಇಲ್ಲಿಂದಲೇ. ಒಂದು ಸುತ್ತಿನ ಒಟ್ಟು ವರ್ಧನೆ, ಅಂದರೆ ಅಲೆ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ನಿಖರವಾಗಿ 1 ಇದ್ದರೆ ಇರುವ ಅಲೆ ಉಳಿದುಕೊಳ್ಳುತ್ತದೆ, ನಿಜ. ಆದರೆ ಸ್ವಿಚ್ ಒತ್ತಿದ ಕ್ಷಣದಲ್ಲಿ ಅಲೆಯೇ ಇರುವುದಿಲ್ಲ. ಆಗ ಇರುವುದು ರೆಸಿಸ್ಟರ್ ಹಾಗೂ ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಇರುವ ಅತಿ ಸೂಕ್ಷ್ಮ ವಿದ್ಯುತ್ ಗದ್ದಲ ಮತ್ತು ಸ್ವಿಚ್ಚಿನ ಒಂದು ಧಕ್ಕೆ ಮಾತ್ರ. ಆ ಗದ್ದಲದೊಳಗಿನ ತಕ್ಕ ಆವೃತ್ತಿಯ ಅಂಶ ಸುತ್ತಿನಿಂದ ಸುತ್ತಿಗೆ ಬೆಳೆಯಬೇಕಾದರೆ ವರ್ಧನೆ ಮೊದಲಿಗೆ 1ಕ್ಕಿಂತ ಹೆಚ್ಚಿರಲೇಬೇಕು. ಬೆಳೆದ ಮೇಲೆ ಅದು ತಾನಾಗಿ 1ಕ್ಕೆ ಇಳಿಯಬೇಕು. ಇಳಿಯದಿದ್ದರೆ ಅಲೆ ಪೂರೈಕೆಯ ವೋಲ್ಟೇಜಿಗೆ ಬಡಿದು ಅದರ ತಲೆ ಚಪ್ಪಟೆಯಾಗುತ್ತದೆ.

ಆದುದರಿಂದ ಯಾವ ಆಸಿಲೇಟರ್ ಎದುರಿಗೆ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಆವೃತ್ತಿಯನ್ನು ನಿರ್ಧರಿಸುವ ಭಾಗ ಯಾವುದು, ಮೊದಲ ಅಲೆ ಬೆಳೆಯಲು ಬೇಕಾದ ಹೆಚ್ಚುವರಿ ವರ್ಧನೆ ಎಲ್ಲಿಂದ ಬರುತ್ತದೆ, ಬೆಳೆದ ಅಲೆಗೆ ಕಡಿವಾಣ ಹಾಕುವುದು ಯಾವುದು. ನಿಮ್ಮ ಸರ್ಕಿಟ್ ಕೆಟ್ಟಾಗ ದೋಷ ಈ ಮೂರರಲ್ಲಿ ಒಂದರಲ್ಲಿ ಇರುತ್ತದೆ.

ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಸ್ಪೈಸ್ ಬಗೆಯ ತಂತ್ರಾಂಶಗಳು ಮೊದಲು ಸರ್ಕಿಟ್ಟಿನ ಸ್ಥಿರ ಸ್ಥಿತಿಯನ್ನು ಲೆಕ್ಕಹಾಕಿ ಅಲ್ಲಿಂದ ಮುಂದುವರಿಯುತ್ತವೆ, ಮತ್ತು ಅವುಗಳ ರೆಸಿಸ್ಟರ್‌ಗಳಲ್ಲಿ ಗದ್ದಲವಿರುವುದಿಲ್ಲ. ಹೀಗಾಗಿ ಬೋರ್ಡಿನ ಮೇಲೆ ಸಲೀಸಾಗಿ ಓಡುವ ಆಸಿಲೇಟರ್ ಪರದೆಯ ಮೇಲೆ ಸರಳ ರೇಖೆಯಾಗಿ ಮಲಗಿರಬಹುದು. ಪೂರೈಕೆಯು ಸೊನ್ನೆಯಿಂದ ಏರುವಂತೆ ಮಾಡಿ, ಅಥವಾ ಒಂದು ಕೆಪಾಸಿಟರಿಗೆ ಆರಂಭಿಕ ವೋಲ್ಟೇಜ್ ಕೊಡಿ.

ಹಂತ 2: ಎಷ್ಟು ತಪ್ಪನ್ನು ಸಹಿಸಬಲ್ಲಿರಿ ಎಂದು ತೀರ್ಮಾನಿಸಿ

ಬಗೆಯನ್ನು ಆರಿಸುವಾಗ ಬಹುತೇಕರು ಆವೃತ್ತಿಯಿಂದ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಆವೃತ್ತಿಯಲ್ಲಿ ಎಷ್ಟು ವ್ಯತ್ಯಾಸವಾದರೆ ನಡೆಯುತ್ತದೆ ಎಂಬುದು. ಮಿನುಗುವ ದೀಪ ಸೆಕೆಂಡಿಗೆ ಒಂದರ ಬದಲು 1.1 ಸಲ ಮಿನುಗಿದರೆ ಯಾರಿಗೂ ತೊಂದರೆಯಿಲ್ಲ. ಅಲ್ಲಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಸಾಕು. ಆದರೆ ಶ್ರುತಿ ಹಿಡಿಯುವ ಕೆಲಸಕ್ಕೆ ಅದೇ ಸರ್ಕಿಟ್ ಒದಗುವುದಿಲ್ಲ. ಆವೃತ್ತಿ ಶೇಕಡಾ 1 ಏರಿದರೂ ಸ್ವರ ಸುಮಾರು 17 ಸೆಂಟ್‌ಗಳಷ್ಟು, ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ಆರನೆಯ ಒಂದು ಭಾಗದಷ್ಟು, ಮೇಲಕ್ಕೆ ಸರಿಯುತ್ತದೆ. ಸಂಗೀತಗಾರರ ಕಿವಿ ಇದನ್ನು ತಕ್ಷಣ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಂಜಿನಿಯರರೂ ವೇಣುವಾದಕರೂ ಆಗಿದ್ದುದು ಕೇವಲ ಕಾಕತಾಳೀಯವಲ್ಲ ಎಂದು ನನಗೆ ಅನ್ನಿಸುತ್ತದೆ.

ಸ್ಥೂಲವಾಗಿ ಹೇಳುವುದಾದರೆ ಸಾಮಾನ್ಯ ಬಿಡಿಭಾಗಗಳ ರೆಸಿಸ್ಟರ್-ಕೆಪಾಸಿಟರ್ ಆಸಿಲೇಟರಿನಲ್ಲಿ ಶೇಕಡಾ 5ರಿಂದ 10ರಷ್ಟು ವ್ಯತ್ಯಾಸವನ್ನು ನಿರೀಕ್ಷಿಸಿ. ಇಂಡಕ್ಟರ್-ಕೆಪಾಸಿಟರ್ ಬಗೆಯನ್ನು ಶ್ರುತಿಗೊಳಿಸಿ ಶೇಕಡಾ 1ರ ಒಳಗೆ ತರಬಹುದು, ಆದರೆ ಬಿಸಿಯಾದಂತೆ ಅದು ಸರಿಯುತ್ತದೆ. ಸೆರಾಮಿಕ್ ರೆಸೊನೇಟರ್ (ಕ್ರಿಸ್ಟಲಿನಂತೆಯೇ ಕಂಪಿಸುವ ಸೆರಾಮಿಕ್ ತುಣುಕು) ಶೇಕಡಾ 0.5, ಕ್ವಾರ್ಟ್ಸ್ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20ರಿಂದ 50 ಭಾಗ. ಇದಕ್ಕೂ ಮೇಲಿನ ನಿಖರತೆ ಬೇಕಾದಲ್ಲಿ ಪರಮಾಣು ಗಡಿಯಾರ ಬರುತ್ತದೆ: ಇಸ್ರೊ 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಪಥದರ್ಶಕ ಉಪಗ್ರಹದಲ್ಲಿ ಸ್ವದೇಶೀ ರುಬಿಡಿಯಂ ಗಡಿಯಾರವಿದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ, ಸಮಯದಲ್ಲಾಗುವ ಅತಿ ಸಣ್ಣ ತಪ್ಪೂ ಅಲ್ಲಿ ಸ್ಥಳದ ತಪ್ಪಾಗುತ್ತದೆ.

ಹಂತ 3: 555ರಿಂದ ಚೌಕ ಅಲೆ

ಹಾನ್ಸ್ ಕಾಮೆನ್‌ಜಿಂಡ್ ಅವರು ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ವಿನ್ಯಾಸಗೊಳಿಸಿದ 555 ಇಂದಿಗೂ ಮೊದಲ ಪಾಠಕ್ಕೆ ತಕ್ಕ ಐಸಿ. ಇಲ್ಲಿ ಅಲೆ ಸುತ್ತು ಹೊಡೆದು ಬೆಳೆಯುವ ಪ್ರಶ್ನೆಯಿಲ್ಲ. ಒಂದು ಕೆಪಾಸಿಟರ್ ರೆಸಿಸ್ಟರ್ ಮೂಲಕ ತುಂಬುತ್ತದೆ; ಅದರ ವೋಲ್ಟೇಜ್ ಪೂರೈಕೆಯ ಮೂರನೆಯ ಎರಡು ಭಾಗಕ್ಕೆ ತಲಪಿದೊಡನೆ ಐಸಿ ಅದನ್ನು ಬರಿದುಮಾಡಲು ತೊಡಗುತ್ತದೆ; ಮೂರನೆಯ ಒಂದು ಭಾಗಕ್ಕೆ ಇಳಿದೊಡನೆ ಮತ್ತೆ ತುಂಬಲು ಬಿಡುತ್ತದೆ. ಈ ಬಗೆಗೆ ರಿಲ್ಯಾಕ್ಸೇಶನ್ ಆಸಿಲೇಟರ್ ಎಂದು ಹೆಸರು. ಎರಡೂ ಮಿತಿಗಳು ಪೂರೈಕೆಯ ಭಿನ್ನರಾಶಿಗಳಾದ್ದರಿಂದ ಬ್ಯಾಟರಿ ಸ್ವಲ್ಪ ಇಳಿದರೂ ಆವೃತ್ತಿ ಹೆಚ್ಚು ಬದಲಾಗುವುದಿಲ್ಲ ಎಂಬುದು ಇದರ ಚೆಲುವು.

1. ಐಸಿಯ 1ನೇ ಕಾಲನ್ನು ಬ್ಯಾಟರಿಯ ಋಣಕ್ಕೂ, 8 ಮತ್ತು 4ನೇ ಕಾಲುಗಳನ್ನು ಧನಕ್ಕೂ ಜೋಡಿಸಿ.
2. ಧನದಿಂದ 7ನೇ ಕಾಲಿಗೆ 10 ಕಿಲೊಓಮ್ ರೆಸಿಸ್ಟರ್ ಹಾಕಿ, ಇದು ಆರ್1. 7ರಿಂದ 6ಕ್ಕೆ 68 ಕಿಲೊಓಮ್ ಹಾಕಿ, ಇದು ಆರ್2.
3. 6 ಮತ್ತು 2ನೇ ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಅಲ್ಲಿಂದ ಋಣಕ್ಕೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಇದು ಸಿ. ಎಲೆಕ್ಟ್ರೊಲಿಟಿಕ್ ಆದುದರಿಂದ ಧನ-ಋಣ ತಿರುವುಮುರುವಾಗದಿರಲಿ.
4. 5ನೇ ಕಾಲಿನಿಂದ ಋಣಕ್ಕೆ 10 ನ್ಯಾನೊಫ್ಯಾರಡ್, ಮತ್ತು ಐಸಿಗೆ ಅಂಟಿಕೊಂಡಂತೆ 8 ಹಾಗೂ 1ರ ನಡುವೆ 100 ನ್ಯಾನೊಫ್ಯಾರಡ್ ಹಾಕಿ.
5. 3ನೇ ಕಾಲಿನಿಂದ 1 ಕಿಲೊಓಮ್ ಮೂಲಕ ಎಲ್‌ಇಡಿಯನ್ನು ಋಣಕ್ಕೆ ಜೋಡಿಸಿ, 9 ವೋಲ್ಟ್ ಕೊಡಿ.

ಸೂತ್ರ: ಆವೃತ್ತಿ = 1.44 ÷ [(ಆರ್1 + 2 × ಆರ್2) × ಸಿ]. ಮೇಲಿನ ಬೆಲೆಗಳಿಗೆ 1.44ನ್ನು 1.46ರಿಂದ ಭಾಗಿಸಿದಂತಾಗಿ 0.99 ಹರ್ಟ್ಸ್ ಬರುತ್ತದೆ. ದೀಪ ಸುಮಾರು 0.54 ಸೆಕೆಂಡ್ ಬೆಳಗಿ 0.47 ಸೆಕೆಂಡ್ ಆರಬೇಕು. ಆರ್1ಅನ್ನು 1 ಕಿಲೊಓಮ್ ಮಾಡಿ, ಸಿ ಜಾಗದಲ್ಲಿ 10 ನ್ಯಾನೊಫ್ಯಾರಡ್ ಹಾಕಿ, ಎಲ್‌ಇಡಿಯ ಬದಲು ಪೀಜೋ ಬಿಲ್ಲೆ ಜೋಡಿಸಿದರೆ 1,050 ಹರ್ಟ್ಸ್ ಆಸುಪಾಸಿನ ಸದ್ದು ಕೇಳಿಸುತ್ತದೆ.

ತಪ್ಪುಗಳು ಆಗುವ ಜಾಗಗಳು ಬಹುಮಟ್ಟಿಗೆ ನಿಶ್ಚಿತ. ಸ್ವಿಚ್ ಹಾಕಿದ ಮೊದಲ ಮಿನುಗು ಉಳಿದವಕ್ಕಿಂತ ಉದ್ದವಾಗಿರುತ್ತದೆ. ಆಗ ಕೆಪಾಸಿಟರ್ ಮೂರನೆಯ ಒಂದು ಭಾಗದಿಂದಲ್ಲ, ಸೊನ್ನೆಯಿಂದ ತುಂಬಬೇಕಾಗಿರುತ್ತದೆ, ಆದುದರಿಂದ ಅದು ದೋಷವಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ನಿಜವಾದ ಬೆಲೆ ಅಚ್ಚಾದ ಬೆಲೆಗಿಂತ ಶೇಕಡಾ 20ರಷ್ಟು ಆಚೀಚೆ ಇರಬಹುದು, ಮೀಟರಿನಲ್ಲಿ 0.85 ಹರ್ಟ್ಸ್ ಕಂಡರೆ ಐಸಿಯನ್ನು ಬದಲಿಸಲು ಹೋಗಬೇಡಿ. 4ನೇ ಕಾಲನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಸರ್ಕಿಟ್ ಕೈ ಹತ್ತಿರ ತಂದಾಗಲೊಮ್ಮೆ ನಿಲ್ಲುತ್ತದೆ, ಓಡುತ್ತದೆ. ಎಲ್ಲಕ್ಕಿಂತ ದುಬಾರಿಯಾದ ತಪ್ಪೆಂದರೆ ಆರ್1ರ ಜಾಗದಲ್ಲಿ ಬರಿಯ ಪೊಟೆನ್ಶಿಯೊಮೀಟರ್, ಅಂದರೆ ತಿರುಗಿಸಿ ರೋಧ ಬದಲಿಸುವ ರೆಸಿಸ್ಟರ್, ಹಾಕುವುದು: ಅದನ್ನು ಪೂರ್ತಿ ತಿರುಗಿಸಿದಾಗ ಪೂರೈಕೆ ನೇರವಾಗಿ 7ನೇ ಕಾಲಿಗೆ ಸೇರಿ, ಬರಿದುಮಾಡುವ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಅದರೊಂದಿಗೆ ಸಾಲಿನಲ್ಲಿ 1 ಕಿಲೊಓಮ್ ಸದಾ ಇರಲಿ. ಎನ್‌ಇ555ನ್ನು 100 ಕಿಲೊಹರ್ಟ್ಸ್‌ಗಿಂತ ಮೇಲಕ್ಕೆ ಒತ್ತಾಯಿಸಬೇಡಿ, 4.5 ವೋಲ್ಟ್‌ಗಿಂತ ಕಡಿಮೆ ಪೂರೈಕೆಗೆ ಸಿಮಾಸ್ ಬಗೆಯ 7555ನ್ನು ಬಳಸಿ.

ಹಂತ 4: ವೀನ್ ಬ್ರಿಜ್‌ನಿಂದ ನಯವಾದ ಅಲೆ

ಆಂಪ್ಲಿಫೈಯರ್, ಸ್ಪೀಕರ್‌ಗಳನ್ನು ಪರೀಕ್ಷಿಸಲು ಚೌಕ ಅಲೆ ಪ್ರಯೋಜನವಿಲ್ಲ; ಅಲ್ಲಿ ಒಂದೇ ಆವೃತ್ತಿಯುಳ್ಳ, ನಯವಾಗಿ ಏರಿಳಿಯುವ ಸೈನ್ ಅಲೆ ಬೇಕು. ಹಂತ 1ರ ಮೂರು ಪ್ರಶ್ನೆಗಳೂ ಇಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ಕಾಣುವುದರಿಂದ ಕಲಿಕೆಯ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ವೀನ್ ಬ್ರಿಜ್ ಎಂಬ ಈ ಸರ್ಕಿಟ್ಟಿಗೇ.

1. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ. ನಡುವಿನ ಕೂಡುಬಿಂದು ಗ್ರೌಂಡ್; ಎರಡು ತುದಿಗಳು +9 ಮತ್ತು −9. ಟಿಎಲ್072ರ 8ನೇ ಕಾಲಿಗೆ +9, 4ನೇ ಕಾಲಿಗೆ −9 ಕೊಡಿ.
2. ಔಟ್‌ಪುಟ್‌ನಿಂದ, ಅಂದರೆ 1ನೇ ಕಾಲಿನಿಂದ, 10 ಕಿಲೊಓಮ್ ಮತ್ತು 15 ನ್ಯಾನೊಫ್ಯಾರಡ್‌ಗಳನ್ನು ಸಾಲಾಗಿ ಸೇರಿಸಿ 3ನೇ ಕಾಲಿಗೆ ತನ್ನಿ.
3. 3ನೇ ಕಾಲಿನಿಂದ ಗ್ರೌಂಡಿಗೆ ಇನ್ನೊಂದು 10 ಕಿಲೊಓಮ್ ಮತ್ತು ಇನ್ನೊಂದು 15 ನ್ಯಾನೊಫ್ಯಾರಡ್‌ಗಳನ್ನು ಸಮಾಂತರವಾಗಿ ಹಾಕಿ.
4. 2ನೇ ಕಾಲಿನಿಂದ ಗ್ರೌಂಡಿಗೆ 10 ಕಿಲೊಓಮ್ ಹಾಕಿ. 1ನೇ ಕಾಲಿನಿಂದ 2ನೇ ಕಾಲಿಗೆ 15 ಕಿಲೊಓಮ್ ಮತ್ತು 10 ಕಿಲೊಓಮ್‌ಗಳನ್ನು ಸಾಲಾಗಿ ಹಾಕಿ.
5. ಆ ಸಾಲಿನ 10 ಕಿಲೊಓಮ್‌ಗೆ ಮಾತ್ರ ಅಡ್ಡಲಾಗಿ ಎರಡು 1ಎನ್4148 ಡಯೋಡ್‌ಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿ.

ಎರಡನೆಯ ಮತ್ತು ಮೂರನೆಯ ಹೆಜ್ಜೆಯ ಬಿಡಿಭಾಗಗಳು ಆವೃತ್ತಿಯನ್ನು ನಿರ್ಧರಿಸುತ್ತವೆ. ಆವೃತ್ತಿ = 1 ÷ (2 × ಪೈ × ಆರ್ × ಸಿ); ಇಲ್ಲಿ 1,061 ಹರ್ಟ್ಸ್. ಈ ಒಂದು ಆವೃತ್ತಿಯಲ್ಲಿ ಮಾತ್ರ 3ನೇ ಕಾಲಿಗೆ ಬರುವ ಅಲೆ ಔಟ್‌ಪುಟ್ಟಿನೊಂದಿಗೆ ಹೆಜ್ಜೆ ಕೂಡಿಸುತ್ತದೆ, ಮತ್ತು ಅದರ ಎತ್ತರ ಔಟ್‌ಪುಟ್ಟಿನ ಮೂರನೆಯ ಒಂದು ಭಾಗವಾಗಿರುತ್ತದೆ. ಆದುದರಿಂದ ಆಪ್-ಆಂಪ್ ಸರಿಯಾಗಿ 3 ಪಟ್ಟು ಹಿಗ್ಗಿಸಿದರೆ ಸುತ್ತಿನ ವರ್ಧನೆ 1 ಆಗುತ್ತದೆ. ಅಲೆ ಚಿಕ್ಕದಿದ್ದಾಗ ಡಯೋಡ್‌ಗಳು ಮುಚ್ಚಿರುತ್ತವೆ, ವರ್ಧನೆ 1 + 25 ÷ 10 = 3.5 ಆಗಿ ಅಲೆ ಬೆಳೆಯುತ್ತದೆ. ಬೆಳೆದಂತೆ ಡಯೋಡ್‌ಗಳು ತೆರೆಯುತ್ತ 10 ಕಿಲೊಓಮ್‌ನ ಪರಿಣಾಮವನ್ನು ತಗ್ಗಿಸುತ್ತವೆ, ವರ್ಧನೆ 2.5ರ ಕಡೆಗೆ ಜಾರುತ್ತದೆ, ಎರಡರ ನಡುವೆ 3ರಲ್ಲಿ ನೆಲೆನಿಲ್ಲುತ್ತದೆ. ಅಲೆಯ ಎತ್ತರ 3 ವೋಲ್ಟ್ ಆಸುಪಾಸಿನಲ್ಲಿ ಇರುತ್ತದೆ.

ಡಯೋಡ್‌ಗಳ ಕಡಿವಾಣ ಸ್ವಲ್ಪ ಒರಟು. ಅಲೆಯ ತಲೆ ತುಸು ತಗ್ಗುತ್ತದೆ. ಇದಕ್ಕೆ ಅತ್ಯಂತ ಸುಂದರವಾದ ಪರಿಹಾರವನ್ನು ಕಂಡವರು ವಿಲಿಯಂ ಹ್ಯೂಲೆಟ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಬರೆದ ಪ್ರಬಂಧದಲ್ಲಿ ಅವರು 2ನೇ ಕಾಲಿನ ರೆಸಿಸ್ಟರಿಗೆ ಸಮನಾದ ಜಾಗದಲ್ಲಿ ಒಂದು ಪುಟ್ಟ ಬಲ್ಬನ್ನು ಇರಿಸಿದರು. ಅಲೆ ದೊಡ್ಡದಾದರೆ ಬಲ್ಬಿನ ತಂತಿ ಬಿಸಿಯಾಗಿ ಅದರ ರೋಧ ಏರುತ್ತದೆ, ವರ್ಧನೆ ತಾನಾಗಿ ಇಳಿಯುತ್ತದೆ. ತಂತಿ ನಿಧಾನವಾಗಿ ಬಿಸಿಯಾಗುವುದರಿಂದ ಒಂದೊಂದು ಅಲೆಯ ಆಕಾರ ಕೆಡುವುದಿಲ್ಲ. ಈ ವಿನ್ಯಾಸವೇ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮೊದಲ ಉತ್ಪನ್ನವಾದ 200ಎ ಆಯಿತು, ಮತ್ತು ಅದರ ಮುಂದಿನ ಮಾದರಿಯ 8 ಯಂತ್ರಗಳನ್ನು ವಾಲ್ಟ್ ಡಿಸ್ನಿ ಸಂಸ್ಥೆ ಕೊಂಡಿತು.

ಅಲೆ ಬರದೇ ಇದ್ದರೆ ಮೊದಲು ವರ್ಧನೆಯನ್ನು ಅನುಮಾನಿಸಿ: 15 ಕಿಲೊಓಮ್‌ನ ಜಾಗಕ್ಕೆ ತಪ್ಪಿ 1.5 ಕಿಲೊಓಮ್ ಬಂದಿರುವುದು ಬಹಳ ಸಾಮಾನ್ಯ. ಅಲೆಯ ತಲೆ ಚಪ್ಪಟೆಯಾಗಿದ್ದರೆ ಡಯೋಡ್‌ಗಳೆರಡೂ ಒಂದೇ ದಿಕ್ಕಿಗಿವೆ, ಅಥವಾ ಒಂದು ಜೋಡಣೆಯಾಗಿಲ್ಲ. ಹಳೆಯ 741 ಆಪ್-ಆಂಪ್ ಬಳಸಿ 20 ಕಿಲೊಹರ್ಟ್ಸ್‌ನಲ್ಲಿ 5 ವೋಲ್ಟ್ ಎತ್ತರದ ಅಲೆ ಪಡೆಯಲು ಹೊರಟರೆ ಅದು ತ್ರಿಕೋನವಾಗಿ ಕಾಣುತ್ತದೆ. ಆ ಅಲೆಗೆ ಪ್ರತಿ ಮೈಕ್ರೊಸೆಕೆಂಡಿಗೆ 0.63 ವೋಲ್ಟ್ ವೇಗ ಬೇಕು, 741 ಕೊಡಬಲ್ಲದ್ದು 0.5 ವೋಲ್ಟ್ ಮಾತ್ರ.

ಹಂತ 5: ಇಂಡಕ್ಟರ್‌ನಿಂದ ರೇಡಿಯೊ ಆವೃತ್ತಿ

ಮೆಗಾಹರ್ಟ್ಸ್ ಮಟ್ಟಕ್ಕೆ ಹೋದಾಗ ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳ ಜೋಡಿ ಹೆಚ್ಚು ಅನುಕೂಲ. ಶಕ್ತಿಯು ಒಂದರ ಕಾಂತಕ್ಷೇತ್ರದಿಂದ ಇನ್ನೊಂದರ ವಿದ್ಯುತ್ ಕ್ಷೇತ್ರಕ್ಕೆ ಹೋಗಿಬರುತ್ತಿರುತ್ತದೆ. ದಾರಿಯಲ್ಲಿ ನಷ್ಟವಾದುದನ್ನು ಟ್ರಾನ್ಸಿಸ್ಟರ್ ತುಂಬಿಕೊಡುತ್ತದೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಕಾಲ್ಪಿಟ್ಸ್ ಹೆಸರಿನ ಸರ್ಕಿಟ್ಟನ್ನು ಹೀಗೆ ಕಟ್ಟಿ (ಕಲೆಕ್ಟರ್, ಬೇಸ್, ಎಮಿಟರ್ ಎಂಬುವು ಟ್ರಾನ್ಸಿಸ್ಟರಿನ ಮೂರು ಕಾಲುಗಳು; ಇಲ್ಲಿ ಗ್ರೌಂಡ್ ಎಂದರೆ ಬ್ಯಾಟರಿಯ ಋಣ):

1. ಬಿಸಿ547ರ ಕಲೆಕ್ಟರನ್ನು ನೇರವಾಗಿ +9 ವೋಲ್ಟಿಗೆ ಜೋಡಿಸಿ, ಅಲ್ಲಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಹಾಕಿ.
2. ಬೇಸಿಗೆ +9ರಿಂದ 47 ಕಿಲೊಓಮ್, ಗ್ರೌಂಡಿನಿಂದ 47 ಕಿಲೊಓಮ್ ಕೊಡಿ. ಎಮಿಟರಿನಿಂದ ಗ್ರೌಂಡಿಗೆ 2.2 ಕಿಲೊಓಮ್ ಹಾಕಿ.
3. ಬೇಸಿನಿಂದ ಎಮಿಟರಿಗೆ 470 ಪೈಕೊಫ್ಯಾರಡ್, ಎಮಿಟರಿನಿಂದ ಗ್ರೌಂಡಿಗೆ ಮತ್ತೊಂದು 470 ಪೈಕೊಫ್ಯಾರಡ್ ಹಾಕಿ.
4. ಬೇಸಿನಿಂದ 10 ನ್ಯಾನೊಫ್ಯಾರಡ್ ಮೂಲಕ 100 ಮೈಕ್ರೊಹೆನ್ರಿ ಇಂಡಕ್ಟರನ್ನು ಗ್ರೌಂಡಿಗೆ ತನ್ನಿ. ಈ ಕೆಪಾಸಿಟರನ್ನು ಬಿಟ್ಟರೆ ಇಂಡಕ್ಟರ್ ಬೇಸಿನ ವೋಲ್ಟೇಜನ್ನು ಗ್ರೌಂಡಿಗೆ ಎಳೆದು ಟ್ರಾನ್ಸಿಸ್ಟರನ್ನು ಮುಚ್ಚಿಬಿಡುತ್ತದೆ.

ಸಾಲಿನಲ್ಲಿರುವ ಎರಡು 470ಗಳು 235 ಪೈಕೊಫ್ಯಾರಡ್‌ಗೆ ಸಮ. ಆವೃತ್ತಿ = 1 ÷ (2 × ಪೈ × √(ಎಲ್ × ಸಿ)), ಅಂದರೆ ಸುಮಾರು 1.04 ಮೆಗಾಹರ್ಟ್ಸ್. ಇದು ಮಧ್ಯಮ ತರಂಗದ ಆಕಾಶವಾಣಿ ಕೇಳುವ ವ್ಯಾಪ್ತಿಯೊಳಗೇ ಇರುವುದರಿಂದ ಆಸಿಲೋಸ್ಕೋಪ್ ಇಲ್ಲದವರೂ ಇದನ್ನು ಪರೀಕ್ಷಿಸಬಹುದು. ಎಎಮ್ ರೇಡಿಯೊವನ್ನು ಬೋರ್ಡಿನ ಪಕ್ಕದಲ್ಲಿಟ್ಟು 1,000 ಕಿಲೊಹರ್ಟ್ಸ್ ಆಚೀಚೆ ಮುಳ್ಳನ್ನು ನಿಧಾನವಾಗಿ ತಿರುಗಿಸಿ: ಒಂದು ಕಡೆ ಗೊರಗೊರ ಸದ್ದು ಹಠಾತ್ತನೆ ಅಡಗುತ್ತದೆ. ಬ್ಯಾಟರಿ ತೆಗೆದಾಗ ಅದು ಮರಳಿ ಬಂದರೆ ನಿಮ್ಮ ಆಸಿಲೇಟರ್ ಓಡುತ್ತಿದೆ ಎಂದರ್ಥ.

ಆ ರೇಡಿಯೊದೊಳಗೂ ಇಂಥದೇ ಆಸಿಲೇಟರ್ ಇದೆ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಕೇಳಲು ಹೊರಟಾಗ ಸಾಮಾನ್ಯ ರೇಡಿಯೊದ ಒಳ ಆಸಿಲೇಟರ್ 1,067 ಕಿಲೊಹರ್ಟ್ಸ್‌ನಲ್ಲಿ ಓಡುತ್ತದೆ; ಎರಡೂ ಬೆರೆತು ಹುಟ್ಟುವ ವ್ಯತ್ಯಾಸ 455 ಕಿಲೊಹರ್ಟ್ಸ್. ನಿಲ್ದಾಣ ಯಾವುದೇ ಇರಲಿ, ಮುಳ್ಳು ತಿರುಗಿಸಿದಾಗ ಈ ಆಸಿಲೇಟರೂ ಜೊತೆಯಲ್ಲೇ ಸರಿದು ವ್ಯತ್ಯಾಸವನ್ನು ಅದೇ 455ರಲ್ಲಿ ಉಳಿಸುತ್ತದೆ, ಮುಂದಿನ ಭಾಗಗಳೆಲ್ಲ ಆ ಒಂದೇ ಆವೃತ್ತಿಗೆ ಸಜ್ಜಾಗಿರುತ್ತವೆ.

ಎಚ್ಚರಿಕೆ: ಈ ಸರ್ಕಿಟ್ಟಿಗೆ ಆಂಟೆನಾ ಜೋಡಿಸಬೇಡಿ. ಪರವಾನಗಿಯಿಲ್ಲದೆ ರೇಡಿಯೊ ಸಂಕೇತ ಪ್ರಸಾರ ಮಾಡುವುದು ನಮ್ಮ ದೇಶದಲ್ಲಿ ಅಪರಾಧ. ಆ ಆಸಕ್ತಿಯಿದ್ದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪರವಾನಗಿ ಪಡೆಯುವ ದಾರಿಯಿದೆ. ಇನ್ನೊಂದು ಮಾತು, ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪೈಕೊಫ್ಯಾರಡ್ ಧಾರಣೆ ತಾನಾಗಿಯೇ ಇರುತ್ತದೆ. 470ರ ಎದುರು ಅದು ನಗಣ್ಯ, ಆದರೆ 10 ಪೈಕೊಫ್ಯಾರಡ್ ಬಳಸಿ ಎಫ್‌ಎಮ್ ಆವೃತ್ತಿಗೆ ಹೋಗಲು ಯತ್ನಿಸಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹಂತ 6: ಕ್ವಾರ್ಟ್ಸ್ ಕ್ರಿಸ್ಟಲ್

ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಪಿಯೆರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ವಿದ್ಯುತ್ ಕೊಟ್ಟರೆ ಅವು ಕಂಪಿಸುವುದೂ ನಿಜ. ಕಂಪನದ ವೇಗ ಸ್ಫಟಿಕದ ಆಕಾರ ಮತ್ತು ಅದನ್ನು ಕೊಯ್ದ ಕೋನವನ್ನು ಅವಲಂಬಿಸಿರುವುದರಿಂದ ಆವೃತ್ತಿ ಬಹಳ ಸ್ಥಿರ. ಬೆಲ್ ಪ್ರಯೋಗಾಲಯದಲ್ಲಿ 1927ರಲ್ಲಿ ಮೊದಲ ಕ್ವಾರ್ಟ್ಸ್ ಗಡಿಯಾರ ಓಡಿತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೊ ಕಂಪನಿ ಅದನ್ನು ಮಣಿಕಟ್ಟಿಗೆ ತಂದಿತು. ಇಂದಿನ ಕೈಗಡಿಯಾರಗಳ ಕ್ರಿಸ್ಟಲ್ 32,768 ಹರ್ಟ್ಸ್‌ನದು. ಇದನ್ನು 15 ಸಲ ಎರಡರಿಂದ ಭಾಗಿಸಿದರೆ ಸರಿಯಾಗಿ 1 ಬರುತ್ತದೆ, ಅಂದರೆ ಸೆಕೆಂಡಿಗೊಂದು ಮಿಡಿತ.

1. 74ಎಚ್‌ಸಿಯು04ಕ್ಕೆ 5 ವೋಲ್ಟ್ ಮತ್ತು 100 ನ್ಯಾನೊಫ್ಯಾರಡ್ ಕೊಡಿ. ಬಳಸದ ಇನ್‌ಪುಟ್‌ಗಳನ್ನೆಲ್ಲ ಗ್ರೌಂಡಿಗೆ ಸೇರಿಸಿ.
2. ಒಂದು ಇನ್‌ವರ್ಟರಿನ ಇನ್‌ಪುಟ್ ಮತ್ತು ಔಟ್‌ಪುಟ್ ನಡುವೆ 1 ಮೆಗಾಓಮ್ ಹಾಕಿ. ಇದಿಲ್ಲದಿದ್ದರೆ ಇನ್‌ವರ್ಟರ್ ವರ್ಧನೆ ಮಾಡುವ ಸ್ಥಿತಿಗೆ ಬರುವುದೇ ಇಲ್ಲ.
3. ಔಟ್‌ಪುಟ್‌ನಿಂದ 1 ಕಿಲೊಓಮ್ ಮೂಲಕ 4 ಮೆಗಾಹರ್ಟ್ಸ್ ಕ್ರಿಸ್ಟಲಿನ ಒಂದು ಕಾಲಿಗೆ ಬನ್ನಿ. ಇನ್ನೊಂದು ಕಾಲನ್ನು ಇನ್‌ಪುಟ್ಟಿಗೆ ಸೇರಿಸಿ.
4. ಕ್ರಿಸ್ಟಲಿನ ಎರಡೂ ಕಾಲುಗಳಿಂದ ಗ್ರೌಂಡಿಗೆ ತಲಾ ಒಂದು ಲೋಡ್ ಕೆಪಾಸಿಟರ್ ಹಾಕಿ, ಅದರ ಬೆಲೆಯ ಲೆಕ್ಕ ಕೆಳಗಿದೆ.
5. ಔಟ್‌ಪುಟ್ಟನ್ನು ಇನ್ನೊಂದು ಇನ್‌ವರ್ಟರಿಗೆ ಕೊಟ್ಟು, ಅದರ ಔಟ್‌ಪುಟ್ಟಿನಲ್ಲಿ ಮಾತ್ರ ಅಳತೆ ಮಾಡಿ.

ಲೋಡ್ ಕೆಪಾಸಿಟರಿನ ಬೆಲೆಯ ಬಗ್ಗೆ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಕ್ರಿಸ್ಟಲಿನ ಮಾಹಿತಿಪತ್ರದಲ್ಲಿ 18 ಪೈಕೊಫ್ಯಾರಡ್ ಎಂದಿದ್ದರೆ 18ರ ಎರಡು ಕೆಪಾಸಿಟರ್ ಹಾಕಬೇಕೆಂದು ಬಹಳ ಮಂದಿ ತಿಳಿಯುತ್ತಾರೆ. ಅದು ತಪ್ಪು. ಕ್ರಿಸ್ಟಲಿಗೆ ಎರಡೂ ಕೆಪಾಸಿಟರ್‌ಗಳು ಸಾಲಾಗಿ ಕಾಣುತ್ತವೆ, ಜೊತೆಗೆ ಬೋರ್ಡು ಮತ್ತು ಐಸಿಯ ಕಾಲುಗಳದೇ ಸುಮಾರು 5 ಪೈಕೊಫ್ಯಾರಡ್ ಸೇರಿಕೊಳ್ಳುತ್ತದೆ. ಆದುದರಿಂದ ಪ್ರತಿಯೊಂದರ ಬೆಲೆ = 2 × (18 − 5) = 26; ಅಂಗಡಿಯಲ್ಲಿ ಸಿಗುವ 27 ಪೈಕೊಫ್ಯಾರಡ್ ಸರಿಹೋಗುತ್ತದೆ. ಕೈಗಡಿಯಾರದ ಕ್ರಿಸ್ಟಲಿಗೆ 12.5 ಎಂದಿದ್ದರೆ ಇದೇ ಲೆಕ್ಕದಿಂದ 15 ಬರುತ್ತದೆ. ಆದರೆ ಡಿಎಸ್1307ನಂಥ ಗಡಿಯಾರ ಚಿಪ್‌ಗಳ ಒಳಗೇ ಈ ಕೆಪಾಸಿಟರ್‌ಗಳಿವೆ. ಹೊರಗೂ ಹಾಕಿದರೆ ಗಡಿಯಾರ ಹಿಂದೆ ಬೀಳುತ್ತದೆ.

ಕೈಗಡಿಯಾರದ ಕ್ರಿಸ್ಟಲನ್ನು ಮೇಲಿನ ಸರ್ಕಿಟ್ಟಿಗೆ ನೇರವಾಗಿ ಹಾಕಬೇಡಿ. ಅದು ತಾಳಬಲ್ಲ ಶಕ್ತಿ ಸುಮಾರು ಒಂದು ಮೈಕ್ರೊವಾಟ್ ಮಾತ್ರ. ಅದಕ್ಕೆ ಸಿಡಿ4060 ಐಸಿ ಒಳ್ಳೆಯದು: 1 ಮೆಗಾಓಮ್ ಬದಲು 10 ಮೆಗಾಓಮ್, 1 ಕಿಲೊಓಮ್ ಬದಲು 330 ಕಿಲೊಓಮ್ ಬಳಸಿ. ಆ ಐಸಿ 14 ಸಲ ಎರಡರಿಂದ ಭಾಗಿಸಿ 3ನೇ ಕಾಲಿನಲ್ಲಿ 2 ಹರ್ಟ್ಸ್ ಕೊಡುತ್ತದೆ.

ಕೊಳ್ಳುವಾಗ ಆಗುವ ಎರಡು ಎಡವಟ್ಟುಗಳನ್ನೂ ಹೇಳಬೇಕು. ನಾಲ್ಕು ಕಾಲಿನ ಲೋಹದ ಡಬ್ಬಿ ಬರಿಯ ಕ್ರಿಸ್ಟಲಲ್ಲ, ಒಳಗೆ ಪೂರ್ಣ ಆಸಿಲೇಟರ್ ಇರುವ ಮಾಡ್ಯೂಲ್. ಅದಕ್ಕೆ ಪೂರೈಕೆ ಕೊಟ್ಟರೆ ಸಾಕು, ಇನ್‌ವರ್ಟರ್ ಬೇಡ. ಇನ್ನು 27 ಅಥವಾ 48 ಮೆಗಾಹರ್ಟ್ಸ್ ಎಂದು ಗುರುತಿರುವ ಹಲವು ಕ್ರಿಸ್ಟಲ್‌ಗಳು ಮೂಲದಲ್ಲಿ ಅದರ ಮೂರನೆಯ ಒಂದು ಭಾಗದಲ್ಲಿ ಕಂಪಿಸುವಂಥವು. ಸರಳ ಸರ್ಕಿಟ್ಟಿನಲ್ಲಿ ಅವು 9 ಅಥವಾ 16 ಮೆಗಾಹರ್ಟ್ಸ್ ಕೊಟ್ಟು ನಿಮ್ಮನ್ನು ಬೆಚ್ಚಿಬೀಳಿಸುತ್ತವೆ.

ಆರ್ಡುಯಿನೊ ಊನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನಿಂದ ಗಡಿಯಾರ ಮಾಡಿದೆ, ದಿನಕ್ಕೆ ನಿಮಿಷಗಟ್ಟಲೆ ತಪ್ಪುತ್ತಿದೆ ಎಂಬ ದೂರಿನ ಮೂಲವೂ ಇಲ್ಲಿಯೇ ಇದೆ. ಊನೊ ಆರ್3 ಬೋರ್ಡಿನ ಮುಖ್ಯ ಚಿಪ್ಪಿಗೆ ಇರುವುದು ಸೆರಾಮಿಕ್ ರೆಸೊನೇಟರ್. ಶೇಕಡಾ 0.5ರ ತಪ್ಪೆಂದರೆ ದಿನದ 86,400 ಸೆಕೆಂಡ್‌ಗಳಲ್ಲಿ 432 ಸೆಕೆಂಡ್, ಅಂದರೆ ಏಳು ನಿಮಿಷಕ್ಕೂ ಹೆಚ್ಚು. ಹತ್ತು ಲಕ್ಷಕ್ಕೆ 20 ಭಾಗದ ಕ್ರಿಸ್ಟಲಿನಲ್ಲಿ ಅದೇ ತಪ್ಪು ದಿನಕ್ಕೆ 1.7 ಸೆಕೆಂಡಿಗೆ ಇಳಿಯುತ್ತದೆ.

ಹಂತ 7: ಅಳತೆ ಮತ್ತು ಬೇಡದ ಆಂದೋಲನ

ಆಸಿಲೋಸ್ಕೋಪಿನ ಪ್ರೋಬನ್ನು, ಅಂದರೆ ಅಳೆಯುವ ಕಡ್ಡಿಯನ್ನು, ತಾಗಿಸಿದೊಡನೆ ಆಸಿಲೇಟರ್ ನಿಂತರೆ ಅಥವಾ ಆವೃತ್ತಿ ಸರಿದರೆ ಸರ್ಕಿಟ್ಟನ್ನು ದೂರಬೇಡಿ. ಪ್ರೋಬ್ 10 ಪಟ್ಟಿನ ಸ್ಥಾನದಲ್ಲಿದ್ದಾಗ 10ರಿಂದ 15 ಪೈಕೊಫ್ಯಾರಡ್, 1 ಪಟ್ಟಿನ ಸ್ಥಾನದಲ್ಲಿ ಸುಮಾರು 100 ಪೈಕೊಫ್ಯಾರಡ್ ಸೇರಿಸುತ್ತದೆ. ಸದಾ 10ರಲ್ಲಿಟ್ಟು, ಕಡಿಮೆ ರೋಧದ ಬಿಂದುವಿನಲ್ಲಿ, ಅಂದರೆ ಕಾಲ್ಪಿಟ್ಸ್‌ನಲ್ಲಿ ಎಮಿಟರಿನಲ್ಲಿ, ಅಳೆಯಿರಿ. ಆಸಿಲೋಸ್ಕೋಪ್ ಇಲ್ಲದವರು ಹಂತ 4ರ ಅಲೆಯನ್ನು ಕಂಪ್ಯೂಟರಿನ ಲೈನ್-ಇನ್‌ಗೆ ಕೊಟ್ಟು ನೋಡಬಹುದು, ಆದರೆ ಮೊದಲು 10 ಕಿಲೊಓಮ್ ಮತ್ತು 1 ಕಿಲೊಓಮ್‌ಗಳಿಂದ ವೋಲ್ಟೇಜನ್ನು ಹನ್ನೊಂದನೆಯ ಒಂದು ಭಾಗಕ್ಕೆ ತಗ್ಗಿಸಿಕೊಳ್ಳಿ. ಮನೆಯ 230 ವೋಲ್ಟ್ ಲೈನಿಗೆ ನೇರ ಸಂಬಂಧವಿರುವ ಚಾರ್ಜರ್, ಇಂಡಕ್ಷನ್ ಒಲೆಗಳೊಳಗಿನ ಆಸಿಲೇಟರ್‌ಗಳನ್ನು ಯಾವ ಕಾರಣಕ್ಕೂ ಹೀಗೆ ಅಳೆಯಲು ಹೋಗಬೇಡಿ.

ಕಟ್ಟಬೇಕೆಂದಾಗ ಓಡದ ಆಸಿಲೇಟರ್, ಆಂಪ್ಲಿಫೈಯರ್ ಕಟ್ಟಿದಾಗ ಕರೆಯದೇ ಬರುವುದೂ ಉಂಟು. ಐಸಿ ಕಾರಣವಿಲ್ಲದೆ ಬಿಸಿಯಾಗುವುದು, ಕೈ ಹತ್ತಿರ ತಂದಾಗ ಸದ್ದು ಬದಲಾಗುವುದು, ಹತ್ತಿರದ ರೇಡಿಯೊದಲ್ಲಿ ಸಿಳ್ಳೆ ಕೇಳಿಸುವುದು ಇದರ ಲಕ್ಷಣಗಳು. ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿ, ಆದರೆ ಸುತ್ತನ್ನು ಮುರಿಯುವ ಉದ್ದೇಶದಿಂದ: ಔಟ್‌ಪುಟ್ಟಿನ ಅಲೆ ಯಾವ ದಾರಿಯಿಂದ ಒಳಕ್ಕೆ ಮರಳುತ್ತಿದೆ ಎಂದು ಹುಡುಕಿ. ಪೂರೈಕೆಯ ತಂತಿಯ ಮೂಲಕವಾದರೆ ಐಸಿಯ ಕಾಲಿಗೇ 100 ನ್ಯಾನೊಫ್ಯಾರಡ್ ಹಾಕಿ. ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳು ಅಕ್ಕಪಕ್ಕ ಹರಿದಿದ್ದರೆ ಬೇರ್ಪಡಿಸಿ, ಗಿಡ್ಡ ಮಾಡಿ. ಆಪ್-ಆಂಪ್‌ನಿಂದ ಉದ್ದನೆಯ ಶೀಲ್ಡ್ ಕೇಬಲ್ ಹೊರಟಿದ್ದರೆ ಅದರ ಧಾರಣೆಯೇ ಹೆಜ್ಜೆ ಕೂಡಿಸುವ ಕೆಲಸ ಮಾಡುತ್ತಿರುತ್ತದೆ. ಔಟ್‌ಪುಟ್ಟಿನಲ್ಲಿ 47ರಿಂದ 100 ಓಮ್‌ನ ಒಂದು ರೆಸಿಸ್ಟರನ್ನು ಸಾಲಾಗಿ ಹಾಕಿ, ಐಸಿಯ ಮೇಲೆ ಬೆರಳಿಟ್ಟು ಬಿಸಿ ಇಳಿಯಿತೇ ಎಂದು ನೋಡಿ.